ಪೂಜೆಗಿಟ್ಟ ಪಿಟೀಲು

ಇಟ್ಟಮಡುವಿನ ರಸ್ತೆಗಳ ಮಧ್ಯೆ ಹಸುಗಳು ಮಲಗಿ ಮೆಲುಕು ಹಾಕುತ್ತಿದ್ದ ದಿನಗಳು ಅವು. ನಮ್ಮ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿದ್ದರೂ ಅಜ್ಜಿಯ ಕುಡುಗೋಲು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಹರಿತವಾಗಿಯೇ ಇತ್ತು. ಆಯುಧಪೂಜೆಗೆ ಅದಕ್ಕೆ ಸ್ನಾನ, ಕುಂಕುಮ, ಹೂವು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು: ಅವತ್ತು ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಪುಸ್ತಕಗಳೆಲ್ಲ ದೇವರಕೋಣೆಯಲ್ಲಿ, ನಾವೆಲ್ಲ ಬೀದಿಯಲ್ಲಿ, ಲಗೋರಿ ಆಡುತ್ತ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಶಾಸ್ತ್ರ ಇನ್ನೊಂದಿರಲಿಲ್ಲ.

ಆ ವರ್ಷ ಜಯನಗರದ ಒಂದು ಸಭಾಂಗಣದಲ್ಲಿ ಬರೋಕ್ ಸಂಗೀತದ ಹಬ್ಬ ನಡೆಯಿತು. ಬರೋಕ್ ಎಂದರೆ ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಅರಮನೆ, ಚರ್ಚುಗಳಲ್ಲಿ ನುಡಿಸುತ್ತಿದ್ದ ಸಂಗೀತ ಎಂದು ನನಗೆ ಹೇಳಿಕೊಟ್ಟವಳು ಸುಧತ್ತೆ, ಅಪ್ಪನ ತಂಗಿ. ಇಟಲಿ, ಜರ್ಮನಿ, ಫ್ರಾನ್ಸ್‌ಗಳಿಂದ ತಂಡಗಳು ಬಂದಿದ್ದವು. ಅತ್ತೆ ನಮ್ಮ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಹಟ ಹಿಡಿದು ಅವರ ಸಂಗೀತವನ್ನೂ ಕಲಿತಿದ್ದಳು. ಇಟಲಿ ತಂಡದ ಒಬ್ಬ ಪಿಟೀಲುಗಾರ ಹೊಟ್ಟೆ ಕೆಟ್ಟು ಮಲಗಿದಾಗ ಅವನ ಜಾಗಕ್ಕೆ ಅವಳನ್ನು ಕರೆದರು. ಚೆನ್ನಾಗಿ ನುಡಿಸಿದರೆ ನಾವು ಬಂದಾಗಲೆಲ್ಲ ನೀನೇ ನಮ್ಮ ಜೊತೆ ಎಂದು ತಂಡದ ಯಜಮಾನತಿ ಮಾತು ಕೊಟ್ಟಿದ್ದರು. ನಾನು ಅವರನ್ನು ಇಟಲಿ ಮೇಡಂ ಎನ್ನುತ್ತಿದ್ದೆ. ಅಭ್ಯಾಸಕ್ಕೆಂದು ತಮ್ಮ ಹಳೇ ಕಾಲದ ಪಿಟೀಲನ್ನೇ ಅವಳ ಕೈಗೆ ಕೊಟ್ಟು ಕಳಿಸಿದ್ದರು.

ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು, "ಇದ್ರ ತಂತಿ ಕುರಿ ಕರುಳಿಂದು ಕಣೇ ಪುಟ್ಟಿ. ಹವಾ ಸ್ವಲ್ಪ ಒದ್ದೆ ಆದ್ರೂ ಮುನಿಸ್ಕೊಳ್ಳುತ್ತೆ. ಅಜ್ಜಿಗೆ ಹೇಳ್ಬೇಡ, ನವರಾತ್ರೀಲಿ ಮನೆಯಿಂದಾಚೆ ಇಡಿಸ್ತಾಳೆ."

ಕಚೇರಿ ಇದ್ದದ್ದು ಮಹಾನವಮಿಯ ಸಂಜೆ. ಬೆಳಿಗ್ಗೆ ಅತ್ತೆ ತಲೆಗೆ ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಅಜ್ಜಿಯ ಪೂಜೆ ಮುಗಿದಿತ್ತು. ಕುಡುಗೋಲು, ಈಳಿಗೆಮಣೆ, ಅಪ್ಪನ ಸ್ಪ್ಯಾನರುಗಳು, ನನ್ನ ಕಂಪಾಸ್ ಬಾಕ್ಸು, ಅವುಗಳ ನಡುವೆ ಇಟಲಿಯ ಪಿಟೀಲು. ಅದರ ಹೊಟ್ಟೆಯ ಮೇಲೆ ಅರಿಶಿನ ಕುಂಕುಮ, ಕುತ್ತಿಗೆಗೆ ಸೇವಂತಿಗೆ.

"ಅಯ್ಯೋ, ಅದನ್ಯಾಕಮ್ಮ ಇಟ್ಟೆ?"

"ಪರದೇಶದಿಂದ ಬಂದಿದೆ ಪಾಪ, ಅದಕ್ಕೊಂದು ಪೂಜೆ ಬೇಡ್ವಾ? ನಿಂಗೇ ಒಳ್ಳೇದಾಗ್ಲಿ ಅಂತ ಇಟ್ಟೆ."

"ಇವತ್ತು ಸಂಜೆ ನುಡಿಸ್ಬೇಕು!"

ಅಜ್ಜಿಯ ಮುಖ ಇಳಿಯಿತು. "ನವಮಿ ದಿನ ಯಾರೇ ಕಚೇರಿ ಇಟ್ಕೋತಾರೆ? ನಾಳೆ ಅಂದ್ಕೊಂಡಿದ್ನಲ್ಲೇ."

ಹೊರಗೆ ಜಿಟಿಜಿಟಿ ಮಳೆ. ಒಳಗೆ ಸಾಂಬ್ರಾಣಿ ಹೊಗೆ. ಅಷ್ಟರಲ್ಲೇ ದೇವರಕೋಣೆಯಿಂದ ಟಪ್ ಎಂದು ಸದ್ದು ಬಂತು. ಪಿಟೀಲಿನ ಒಂದು ತಂತಿ ತಾನಾಗಿಯೇ ಕಿತ್ತುಹೋಗಿ, ಸುರುಳಿಯಾಗಿ ಕುಡುಗೋಲಿನ ಮೇಲೆ ಬಿದ್ದಿತ್ತು.

"ನೋಡ್ದಾ? ಯಾರೂ ಮುಟ್ಟಿಲ್ಲ. ತಾಯಿನೇ ಬೇಡ ಅಂತಿದ್ದಾಳೆ," ಎಂದಳು ಅಜ್ಜಿ.

"ಮಳೆ ಹವಾ ಕಣಮ್ಮ, ಅಷ್ಟೇ." ಅತ್ತೆ ಆ ತಂತಿಯ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡಳು.

ಮಧ್ಯಾಹ್ನ ಒಬ್ಬಟ್ಟಿನ ಮೇಲೆ ತುಪ್ಪ ಸುರಿದುಕೊಂಡರೂ ಎಲ್ಲರೂ ಅರ್ಧಕ್ಕೇ ಎಲೆ ಬಿಟ್ಟು ಎದ್ದೆವು. ಊಟವಾದ ಮೇಲೆ ಅತ್ತೆ ದೇವರಕೋಣೆಗೆ ಹೋಗಿ, ಕೈಮುಗಿದು, ಪಿಟೀಲನ್ನು ಎತ್ತಿಕೊಂಡಳು. ಕುಂಕುಮ ಒರೆಸಿ ಪೆಟ್ಟಿಗೆಯಲ್ಲಿದ್ದ ಬೇರೆ ತಂತಿ ಕಟ್ಟಿದಳು. ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಗೊಂಡ್ಹೋಗು. ಕೇಡು ಇವತ್ತೇ ಆಗ್ಬೇಕು ಅಂತೇನಿಲ್ಲ. ಯಾವತ್ತಾದ್ರೂ ಆಗುತ್ತೆ," ಎಂದಳು ಮೆಲ್ಲಗೆ.

ಬಾಳೆಕಂದು ಕಟ್ಟಿದ ಆಟೋದಲ್ಲಿ ಅತ್ತೆಯ ಜೊತೆ ನಾನೂ ಹೊರಟೆ. ಪ್ರತಿ ಅಂಗಡಿಯ ಮುಂದೆಯೂ ಒಡೆದ ಬೂದುಗುಂಬಳ. ಅದರ ಕುಂಕುಮ ಮಳೆನೀರಿನಲ್ಲಿ ಕರಗಿ ಇಡೀ ರಸ್ತೆ ಕೆಂಪಾಗಿತ್ತು. "ಗಟ್ಟಿಯಾಗಿ ಹಿಡ್ಕೊಳಿ ಮೇಡಂ, ಕುಂಬಳಕಾಯಿ ಮೇಲೆ ಗಾಡಿ ಜಾರುತ್ತೆ," ಎಂದರು ಡ್ರೈವರ್ ಅಣ್ಣ. ಅತ್ತೆ ಪಿಟೀಲನ್ನು ಒಂದು ಕೈಯಲ್ಲಿ, ನನ್ನನ್ನು ಇನ್ನೊಂದು ಕೈಯಲ್ಲಿ ಅವಚಿಕೊಂಡಳು.

ವೇದಿಕೆಯ ಮೇಲೆ ಕಪ್ಪು ಬಟ್ಟೆಯವರ ನಡುವೆ ಅತ್ತೆಯೊಬ್ಬಳೇ ಹಸಿರು ರೇಷ್ಮೆ ಸೀರೆ. ಕೂತೇ ನುಡಿಸಿ ಅಭ್ಯಾಸವಿದ್ದವಳು ಅವತ್ತು ನಿಂತು ನುಡಿಸಿದಳು. ನಾನು ಮಾತ್ರ ಆ ತಂತಿಯನ್ನೇ ನೋಡುತ್ತ, ಈಗ ಕಿತ್ತುಹೋಗುತ್ತೆ, ಈಗ ಲೈಟು ಬೀಳುತ್ತೆ ಎಂದು ಕಾಯುತ್ತ ಕೂತಿದ್ದೆ. ಏನೂ ಆಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಟಲಿ ಮೇಡಂ ಅತ್ತೆಯ ಹಣೆಗೆ ಮುತ್ತಿಟ್ಟರು.

ದೀಪಾವಳಿಯ ಹೊತ್ತಿಗೆ ಅಪ್ಪ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡರು. ಅಜ್ಜಿ ದೇವರಕೋಣೆಯ ಕಡೆ ನೋಡಿದಳು, ಅಷ್ಟೇ. ಅತ್ತೆ ನಕ್ಕುಬಿಟ್ಟಳು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಅಜ್ಜಿ ಮತ್ತೆ ಅತ್ತ ನೋಡಿದಳು. ಅತ್ತೆ ನಗಲಿಲ್ಲ. ಆಮೇಲೆ ಅವಳಿಗೆ ಬಂದಿದ್ದ ಸಂಬಂಧವೊಂದು ಮಾತುಕತೆಯಲ್ಲೇ ಮುರಿದುಬಿತ್ತು. ಆ ಸಲ ದೇವರಕೋಣೆಯ ಕಡೆ ಮೊದಲು ನೋಡಿದವಳು ಅತ್ತೆಯೇ.

ಮುಂದಿನ ವರ್ಷ ಇಟಲಿಯಿಂದ ಫೋನ್ ಬಂದಾಗ ಕೈನೋವು ಎಂದಳು. ಅವಳಿಗೆ ಯಾವ ಕೈನೋವೂ ಇರಲಿಲ್ಲ. ಆ ಆಯುಧಪೂಜೆಗೆ ತನ್ನ ಸ್ವಂತ ಪಿಟೀಲನ್ನು ತಾನೇ ಒಯ್ದು ದೇವರ ಮುಂದೆ ಇಟ್ಟಳು. ದಶಮಿಯ ಬೆಳಿಗ್ಗೆ ನಾವೆಲ್ಲ ನಮ್ಮ ನಮ್ಮ ಪುಸ್ತಕ ಎತ್ತಿಕೊಂಡೆವು. ಪಿಟೀಲನ್ನು ಯಾರೂ ಎತ್ತಲಿಲ್ಲ.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಹಸುಗಳಿಲ್ಲ, ಲಗೋರಿ ಆಡಲು ಬೀದಿಯಲ್ಲಿ ಕಾರುಗಳ ನಡುವೆ ಜಾಗವಿಲ್ಲ. ಮೊನ್ನೆ ವಾಟ್ಸಾಪಿನಲ್ಲಿ ಬರೋಕ್ ಸಂಗೀತದ ಹಬ್ಬವೊಂದರ ಪೋಸ್ಟರ್ ಬಂತು. ಇಲ್ಲೇ, ಜೆ.ಪಿ. ನಗರದಲ್ಲಿ. ಅತ್ತೆಗೆ ತೋರಿಸಿದೆ.

"ಸುಮ್ನೆ ಕೇಳಿಸ್ಕೊಂಡು ಬರೋಣ ಅತ್ತೆ."

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಬೆರಳುಗಳು ಮಡಿಲಲ್ಲಿ ಸಣ್ಣಗೆ ಅಲ್ಲಾಡಿದವು. ಆಮೇಲೆ ಫೋನನ್ನು ನನ್ನ ಕೈಗಿಟ್ಟಳು.

"ಬೇಡ ಪುಟ್ಟಿ. ಏನಾದ್ರೂ ಆದ್ರೆ?"

ಆ ಸಂಜೆ ನೀನು ಏನು ನುಡಿಸಿದೆ, ಒಂದು ಸಲ ಗುನುಗು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನಗಂತೂ ಒಂದು ಸ್ವರವೂ ನೆನಪಿಲ್ಲ. ಅವಳ ಕೊನೆಯ ಕಚೇರಿಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದೆ, ಕೇಳಿಸಿಕೊಂಡಿರಲಿಲ್ಲ.