ತೊಂಬತ್ತೊಂದು ಸೋಪಿನ ಪೆಟ್ಟಿಗೆ

ನನ್ನ ಸೋದರತ್ತೆ ಓದಿದ್ದು ಏಳನೇ ಕ್ಲಾಸು. ಆದರೂ ಅವಿಭಾಜ್ಯ ಸಂಖ್ಯೆ ಎಂದರೇನೆಂದು ನನ್ನ ತಲೆಗೆ ಹತ್ತಿಸಿದವಳು ಅವಳೇ, ಮೇಷ್ಟ್ರಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಅತ್ತೆ ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಮನೆಯಲ್ಲಿ ಮೂಲೆ ಮುರಿದ ಸೋಪುಗಳನ್ನು ನೆಲದ ಮೇಲೆ ಹರಡಿ ನನಗೆ ಪಾಠ. ಹನ್ನೆರಡು ಸೋಪನ್ನು ಆರರ ಎರಡು ಸಾಲು ಮಾಡಬಹುದು, ನಾಲ್ಕರ ಮೂರು ಸಾಲೂ ಮಾಡಬಹುದು. ಏಳನ್ನು ಮಾತ್ರ ಎಷ್ಟು ತಿಣುಕಿದರೂ ಒಂದೇ ಸಾಲು.

"ಇದು ಹಟಮಾರಿ ಕಣೇ. ಒಂದು ಬಿಟ್ರೆ ತಾನು, ಇನ್ಯಾರ ಮಾತೂ ಕೇಳಲ್ಲ."

"ಹಾಗಾದ್ರೆ ಒಂದು?"

"ಅದು ಆ ಗುಂಪಿಗೂ ಇಲ್ಲ, ಈ ಗುಂಪಿಗೂ ಇಲ್ಲ. ಅದರ ಪಾಡಿಗೆ ಅದನ್ನ ಬಿಡು."

ಆ ವರ್ಷ ಪ್ಯಾಕಿಂಗ್ ಮೇಸ್ತ್ರಿಯ ಜಾಗ ಖಾಲಿಯಾಯಿತು. ಅತ್ತೆಗೆ ಅದು ಬೇಕಿತ್ತು, ತುಂಬಾ ಬೇಕಿತ್ತು. ಏಳನೇ ಕ್ಲಾಸಿನವಳಿಗೆ ಅದೆಲ್ಲ ಯಾಕೆ ಎಂದು ಸೂಪರ್‌ವೈಸರ್ ಮೂಗು ಮುರಿದರು.

ಅಷ್ಟರಲ್ಲಿ ಒಂದು ಲಾಡ್ಜಿನಿಂದ ಆರ್ಡರ್ ಬಂತು: ಪೆಟ್ಟಿಗೆಗೆ ತೊಂಬತ್ತೊಂದು ಸೋಪು, ಒಂದೇ ಪದರ, ಸಾಲುಗಳೆಲ್ಲ ಸಮ, ನಡುವೆ ಜಾಗ ಉಳಿಯಬಾರದು. ಸೂಪರ್‌ವೈಸರ್ ಗೋಡೆಯ ಮೇಲೆ ಬರೆದಿದ್ದ ಮಗ್ಗಿ ನೋಡಿದರು. ಅದು ಹತ್ತು ಹತ್ತಲ ನೂರಕ್ಕೆ ನಿಂತಿತ್ತು, ತೊಂಬತ್ತೊಂದು ಎಲ್ಲೂ ಇರಲಿಲ್ಲ.

"ಭಾಗ ಆಗದ ಸಂಖ್ಯೆ ಸಾರ್, ಆರ್ಡರ್ ಬೇಡ ಅಂದ್ಬಿಡಿ," ಎಂದು ಮಾಲೀಕರಿಗೆ ಹೇಳಿದರು.

ಮಾಲೀಕರು ಫೋನ್ ಎತ್ತಿಕೊಂಡಾಗ ಅತ್ತೆಗೆ ತಡೆಯಲಾಗಲಿಲ್ಲ. "ಸ್ವಲ್ಪ ತಾಳಿ ಸಾರ್. ನಾನು ಜೋಡಿಸ್ತೀನಿ. ಒಂದು ಸೋಪು ಹೆಚ್ಚುಕಮ್ಮಿ ಆದ್ರೂ ಮೇಸ್ತ್ರಿ ಕೆಲಸದ ಮಾತೇ ಎತ್ತಲ್ಲ."

ಎಲ್ಲರೂ ಮೇಜಿನ ಸುತ್ತ ಸೇರಿದರು. ಅತ್ತೆ ಎರಡು, ಮೂರು, ಐದನ್ನು ಮನಸ್ಸಿನಲ್ಲೇ ಹಾಕಿ ನೋಡಿ ಬಿಟ್ಟಳು. ಆಮೇಲೆ ಏಳೇಳರಂತೆ ಹತ್ತು ಸಾಲು ಇಟ್ಟಳು. "ಎಪ್ಪತ್ತಾಯ್ತು. ಉಳಿದದ್ದು ಇಪ್ಪತ್ತೊಂದು. ಅದು ಏಳರ ಮಗ್ಗೀಲಿ ಇಲ್ವಾ ಸಾರ್?" ಎನ್ನುತ್ತ ಇನ್ನೂ ಮೂರು ಸಾಲು ಇಟ್ಟಳು. ಏಳರ ಹದಿಮೂರು ಸಾಲು. ಕೈಯಲ್ಲಿ ಒಂದು ಸೋಪೂ ಉಳಿಯಲಿಲ್ಲ.

ಮಾಲೀಕರು ನಕ್ಕರು. "ಈಗ ಗೊತ್ತಾಯ್ತು! ಲಾಡ್ಜಿನವರು ಕೇಳಿದ್ದು ಒಂದು ರೂಮಿಗೆ ದಿನಕ್ಕೊಂದರಂತೆ ಹದಿಮೂರು ವಾರಕ್ಕೆ."

ಮೇಸ್ತ್ರಿಯಾದ ಮೊದಲ ದಿನವೇ ಅತ್ತೆ ಸ್ಟೂಲು ಹತ್ತಿ, ಗೋಡೆಯ ಮೇಲೆ ಹನ್ನೊಂದು, ಹನ್ನೆರಡು, ಹದಿಮೂರರ ಮಗ್ಗಿಯನ್ನು ಬಣ್ಣದಲ್ಲಿ ಬರೆದಳು. ಅಕ್ಷರ ಸ್ವಲ್ಪ ಸೊಟ್ಟ, ಲೆಕ್ಕ ಮಾತ್ರ ನೆಟ್ಟಗೆ. ಕೆಳಗೆ ಸ್ಟೂಲು ಅಲುಗದಂತೆ ಹಿಡಿದುಕೊಂಡಿದ್ದವರು ಅದೇ ಸೂಪರ್‌ವೈಸರ್.