ಗೆರೆಯಾಚೆಯ ಎರಡಕ್ಷರ

ಹಳೆಯ ಪೆಟ್ಟಿಗೆ ತೆರೆದಾಗ ಗೆರೆ ಎಳೆಯುವ ರೂಲುದೊಣ್ಣೆ ಸಿಕ್ಕಿತು. ಒಂದು ತುದಿಯಲ್ಲಿ ಕೆಂಪು ಶಾಯಿಯ ಕಲೆ ಇನ್ನೂ ಇದೆ. ದೋಣಿಯಣ್ಣ ನೆನಪಾದ... ನೆನಪಾಗದಿದ್ದರೇ ಚೆನ್ನಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಅಣೆಕಟ್ಟಿನ ನೀರು ಏರುವ ಮೊದಲು ಮುಳುಗಡೆ ಹಳ್ಳಿಯವರ ಪಟ್ಟಿ ಬರೆಯಲು ಸಾಗರದ ಕಚೇರಿಯೊಂದರಲ್ಲಿ ನನ್ನನ್ನು ಹಂಗಾಮಿ ಗುಮಾಸ್ತನಾಗಿ ತೆಗೆದುಕೊಂಡಿದ್ದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಹೊಸನಗರದ ಕಡೆ ಬದಲಿ ಜಮೀನು. ನನ್ನನ್ನು ಹೊಳೆ ದಾಟಿಸುತ್ತಿದ್ದವನು ದೋಣಿಯಣ್ಣ; ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಾಗೇ. ದಡ ಬಂದಾಗ ಕೈಹಿಡಿದು ಇಳಿಸುತ್ತಿದ್ದ. ನಿಮ್ಮ ಮೇಲಿನ ಪ್ರೀತಿಗಲ್ಲ, ಪಟ್ಟಿ ನೆನೆಯಬಾರದಲ್ಲ ಎಂದು ನಗುತ್ತಿದ್ದ. ಅವನಿಗೂ ಅವನ ಅಣ್ಣನಿಗೂ ಬೇರೆ ಬೇರೆ ಮನೆ, ಬೇರೆ ಗದ್ದೆ. ಎರಡನ್ನೂ ನಾನೇ ಬರೆದುಕೊಂಡಿದ್ದೆ.

ಆಮೇಲೆ ಆ ಪಟ್ಟಿಯನ್ನು ಕಚೇರಿಯ ದೊಡ್ಡ ಪುಸ್ತಕಕ್ಕೆ ಇಳಿಸಬೇಕಿತ್ತು. ಹೆಸರಿನ ಅಂಕಣ ನಾಲ್ಕು ಬೆರಳಗಲ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅವರವರ ಹೆಸರು. ಗೆರೆ ದಾಟಿದರೆ ಹೆಡ್ ಗುಮಾಸ್ತರು ಇದೇ ರೂಲುದೊಣ್ಣೆಯಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಅಂಕಣದಲ್ಲಿ ಹಿಡಿಯದ್ದನ್ನು ಬಿಟ್ಟೆ. ಅಣ್ಣತಮ್ಮ ಇಬ್ಬರೂ ಇಂಥವನ ಮಗ ಎಂಬಲ್ಲಿಗೇ ನಿಂತರು. ಒಂದೇ ಹೆಸರು ಎರಡು ಸಲ ಬಂದಿದೆ ಎಂದು ಮೇಲಿನವರು ಒಂದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಉಳಿದ ಒಂದಕ್ಕೆ ಅವನ ಅಣ್ಣ ಮೊದಲು ಹೋಗಿ ಹೆಬ್ಬೆಟ್ಟು ಒತ್ತಿದ.

ದೋಣಿಯಣ್ಣ ಕಚೇರಿಗೆ ಬಂದ. ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡ.

"ನಂದು ಎರಡಕ್ಷರದ ಹೆಸ್ರು. ಅದಕ್ಕೂ ಜಾಗ ಇರ್ಲಿಲ್ವಾ ಅಯ್ಯಾ?"

ಮುಳುಗುವ ಊರಿಗೆ ಜಾಗವಿತ್ತು, ಸತ್ತ ಅಪ್ಪನಿಗೂ ಇತ್ತು. ಹಳ್ಳಿಯಲ್ಲಿ ಬರೆದುಕೊಂಡ ಮೊದಲ ಪಟ್ಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಸಾಕಿತ್ತು. ತಪ್ಪು ನನ್ನದೆಂದಾದರೆ ಕೆಲಸ ಖಾಯಂ ಆಗದು ಎಂದು ಹೆದರಿದೆ.

"ಮೇಲಿಂದ ಬಂದಿದ್ದು. ನಾವೇನೂ ಮಾಡಕ್ಕಾಗಲ್ಲ" ಅಂದೆ.

ಅವನು ಬೈಯಲಿಲ್ಲ. ಬೈದಿದ್ದರೆ...

ನೀರು ಬಂತು. ಅವನು ತೀರ್ಥಹಳ್ಳಿ ಕಡೆ ಯಾರದೋ ಗದ್ದೆಗೆ ಕೂಲಿಗೆ ಹೋದನೆಂದು ಕೇಳಿದೆ. ನನ್ನ ಕೆಲಸ ಖಾಯಂ ಆಯಿತು. ಅಚ್ಚುಕಟ್ಟಿನ ಬರವಣಿಗೆ ಎಂದು ಮೆಚ್ಚಿ ಹೆಡ್ ಗುಮಾಸ್ತರು ನಿವೃತ್ತರಾಗುವಾಗ ಈ ರೂಲುದೊಣ್ಣೆಯನ್ನು ನನಗೇ ಕೊಟ್ಟರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಸುಳ್ಳು. ಮಾಡಿದವನು ನಾನು, ಉಂಡವನು ಅವನು. ನಾನು ಪಿಂಚಣಿ ಉಣ್ಣುತ್ತಿದ್ದೇನೆ.

ಈಗ ಮುಂದೆ ಬಿಳಿ ಹಾಳೆ ಇದೆ. ಗೆರೆಯಿಲ್ಲ, ಕುಟ್ಟುವವರೂ ಇಲ್ಲ. ಇಲ್ಲಾದರೂ ಅವನ ಹೆಸರು ಬರೆಯೋಣವೆಂದು ಬೆಳಗಿನಿಂದ ಕೂತಿದ್ದೇನೆ. ಊರು ನೆನಪಿದೆ, ಅಪ್ಪನ ಹೆಸರೂ ನೆನಪಿದೆ. ಆ ಎರಡಕ್ಷರ ಬರುತ್ತಿಲ್ಲ.