ಮೆಹರ್ ಮೇಡಂ ಗೀಟು ಹೊಡೆದ ಕಾಲಂ

ಆಗಸ್ಟ್ 14, ಗುರುವಾರ. ಬೆಳಿಗ್ಗೆ 10.20ಕ್ಕೆ ಈ ಪತ್ರಿಕೆಗೆ ಬರೆಯಲು ಕೂತೆ.

ಮೆಹರ್ ಮೇಡಂ ಯಾರನ್ನೂ ಬಾಯಿ ತೋರಿಸಿ ಕರೆಯುತ್ತಿರಲಿಲ್ಲ. ಶಿರಾಳಕೊಪ್ಪದ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವರು ಗುರುವಾರಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಿದ್ದರು. ಬಾಗಿಲಿಗೆ ಬಂದು ಫೈಲನ್ನು ಬಾಯಿಗೆ ಅಡ್ಡ ಹಿಡಿದು ಹೆಸರು ಕೂಗುವರು. ತುಟಿ ನೋಡಿ ಮಾತು ಹಿಡಿಯುವವರು ಯಾರೆಂದು ಅಲ್ಲೇ ತಿಳಿಯುತ್ತಿತ್ತಂತೆ. ಕೈಗೆ ಬಳೆ ಹಾಕುತ್ತಿರಲಿಲ್ಲ. "ನನ್ನ ಬಳೆ ಸದ್ದಿಗೆ ಮಗು ತಿರುಗಿದ್ರೆ ಮಷೀನಿಗ್ಯಾಕೆ ಹೆಸರು ಬರ್ಬೇಕು?" ಎನ್ನುತ್ತಿದ್ದರು.

ನನ್ನ ತಂಗಿ ಸಿಂಚನಾಗೆ ಆಗ ನಾಲ್ಕು ವರ್ಷ. ಜಡೆ ಎಂಬ ಊರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮನೆಯಲ್ಲಿ ಮೆಲ್ಲಗೆ ಕರೆದರೂ ತಿರುಗುವವಳು ಗಿರಣಿಯಲ್ಲಿ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಬೇರೆ ಕಡೆ ತೋರಿಸಿದಾಗ "ಕಿವಿ ಸರಿಯಿದೆ" ಎಂದು ಕಳಿಸಿದ್ದರು. ಅಂದಿನಿಂದ ಅಪ್ಪ, ಅವಳು ತಿರುಗದಿದ್ದಾಗಲೆಲ್ಲ ಗೋಡೆಗೆ ಮುಖ ಮಾಡಿಸಿ ನಿಲ್ಲಿಸತೊಡಗಿದರು. ಮೆಹರ್ ಮೇಡಂ ಕೂಡ ಅದನ್ನೇ ಹೇಳಿಬಿಟ್ಟರೆ ಆ ಗೋಡೆ ಅವಳಿಗೆ ಖಾಯಂ ಎಂದು ನನಗೆ ಹೆದರಿಕೆ.

ಮೊದಲ ಗುರುವಾರ ಪರೀಕ್ಷೆ ಆಗಲಿಲ್ಲ. ಅದಕ್ಕೆ ಮಗು ನಿದ್ದೆ ಮಾಡಬೇಕು. ಅಪ್ಪ ಬಸ್ಸಿನಲ್ಲೇ ತಟ್ಟಿ ಮಲಗಿಸಿದ್ದರಿಂದ ಅವಳು ಇಲ್ಲಿ ಕಣ್ಣು ಮುಚ್ಚಲೊಲ್ಲಳು.

"ನನ್ನ ಪಾಲಿನ ನಿದ್ದೇನ ಬಸ್ಸಿಗೆ ಕೊಟ್ಟು ಬಂದ್ರಾ ಯಜಮಾನ್ರೇ?" ಎಂದರು ಮೇಡಂ. ಆಮೇಲೆ, ಸಿಂಚನಾಳನ್ನು ಕರೆದಾಗಲೆಲ್ಲ ಗುರುತು ಹಾಕುತ್ತಿದ್ದ ನನ್ನ ನೋಟ್‌ಬುಕ್ ನೋಡಿದರು. ಅದರಲ್ಲಿ ಮೂರು ಕಾಲಂ: ತಿರುಗಿದಳು, ತಿರುಗಲಿಲ್ಲ, ಹಠ.

"ಹಠಾನ ಯಾವ ಮಷೀನಲ್ಲಿ ಅಳೆದ್ಯಮ್ಮ?"

ಅವರು ಆ ಕಾಲಮ್ಮಿಗೆ ಗೀಟು ಹೊಡೆದು, ಪಕ್ಕದಲ್ಲಿ 'ಎಲ್ಲಿ' ಎಂದು ಬರೆದುಕೊಟ್ಟರು. ಆ ವಾರದ ಲೆಕ್ಕ: ಮನೆಯಲ್ಲಿ ಇಪ್ಪತ್ತು ಸಲ ಕರೆದೆ, ಹದಿನೇಳು ಸಲ ತಿರುಗಿದಳು. ಗಿರಣಿಯಲ್ಲಿ ಇಪ್ಪತ್ತಕ್ಕೆ ಎರಡು.

ಮುಂದಿನ ಗುರುವಾರ ಬಸ್ಸಿನುದ್ದಕ್ಕೂ ಅವಳನ್ನು ಎಚ್ಚರವಾಗಿಟ್ಟೆ. 11.40ಕ್ಕೆ ನಿದ್ದೆ ಹತ್ತಿತು. ಮೊದಲು ಕಿವಿಯೊಳಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ನೋಡಿ "ಪಾಸು" ಎಂದರು.

"ನಾ ಹೇಳ್ಲಿಲ್ಲೇನ್ರೀ? ಬರೀ ಹಠ ಐತಿ ಇದಕ್ಕ," ಎಂದರು ಅಪ್ಪ.

"ತಡೀರಿ. ಕಿವಿ ಪಾಸಾಗೈತೆ. ದಾರಿ ಇನ್ನೂ ನೋಡಿಲ್ಲ."

ಹಣೆಗೆ, ಕಿವಿಗಳ ಹಿಂದೆ ವೈರು ಅಂಟಿಸಿದರು. ಕಿವಿಗೆ ಟಿಕ್ ಟಿಕ್ ಸದ್ದು ಹೋಗುತ್ತಿತ್ತು. ಪರದೆಯ ಮೇಲಿನ ಗೆರೆ ಮೊದಲು ತುಸು ನಡುಗಿ ಮಲಗಿಬಿಟ್ಟಿತು. ನರ ಉತ್ತರಿಸಿದ್ದರೆ ಅಲ್ಲಿ ಅಲೆಗಳು ಏಳಬೇಕಿತ್ತು. ಮೇಡಂ ವೈರು ಕಿತ್ತು ಮತ್ತೆ ಅಂಟಿಸಿದರು. ಅದೇ ಗೆರೆ. ಸಿಂಚನಾ ಮಗ್ಗುಲು ಬದಲಿಸಿದಳು. ಪುಣ್ಯಕ್ಕೆ ಏಳಲಿಲ್ಲ. ಮೂರನೇ ಸಲ ಟಿಕ್ ಸದ್ದನ್ನೇ ಉಲ್ಟಾ ಮಾಡಿ ಹಾಕಿದರು. ಮೊದಲಿನ ಆ ನಡುಕವೂ ತಲೆಕೆಳಗಾಯಿತು. ಅದು ಕಿವಿಯದೇ ಉತ್ತರ, ನರದ್ದಲ್ಲ ಎನ್ನುವುದಕ್ಕೆ ಅದೇ ಗುರುತಂತೆ. ಗಂಟೆ 12.25.

"ಹಠ ಅಲ್ರೀ ಇದು. ಕಿವಿ ತನ್ನ ಕೆಲಸ ಮಾಡ್ತೈತೆ. ಅಲ್ಲಿಂದ ತಲೆಗೆ ಒಯ್ಯೋ ನರ ಸದ್ದನ್ನ ಚೆಲ್ಲಾಪಿಲ್ಲಿ ಮಾಡ್ತೈತೆ. ಮನೇಲಿ ಹೆಂಗೋ ಆರಿಸ್ಕೊಳ್ತಾಳೆ, ಗಿರಣೀಲಿ ಆಗಲ್ಲ. ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ, ತಡ ಮಾಡ್ಬೇಡಿ."

ಅಪ್ಪ ಪರದೆಯಿಂದ ಸಿಂಚನಾಳ ಕಡೆ ತಿರುಗಿದರು. "ಗೋಡೆಗೆ ನಿಲ್ಲಿಸ್ತಿದ್ದೆ ಮೇಡಂ..."

"ಅದನ್ನ ನಾನು ಫೈಲಲ್ಲಿ ಬರಿಯಲ್ಲ. ಇನ್ಮೇಲೆ ಎದುರಿಗೆ ಕೂತು ಮಾತಾಡಿ."

ಮೂರು ತಿಂಗಳ ನಂತರ ನೋಟ್‌ಬುಕ್ ತರಲು ಹೇಳಿದ್ದರು. ದೊಡ್ಡಾಸ್ಪತ್ರೆಯಲ್ಲಿ ತೋರಿಸಿಯಾದ ಮೇಲೆ ಹೋದರೆ ಕೋಣೆಗೆ ಬೀಗ. "ಅವ್ರು ಬರೋದು ಬಿಟ್ರು," ಎಂದ ಕಾಂಪೌಂಡರನಿಗೆ ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ. ಆಮೇಲೆ ಏಳು ಗುರುವಾರ ಹೋಗಿಬಂದೆ.

ಈಗ ಅಪ್ಪ ಸಿಂಚನಾಳನ್ನು ಕರೆಯುವ ಮೊದಲು ಗಿರಣಿಯ ಮೋಟಾರು ಆರಿಸುತ್ತಾರೆ. ಕಾಳು ತಂದವರು ಗೊಣಗಿದರೂ ಸರಿಯೇ. ನಿನ್ನೆ ಹಾಗೆ ಆರು ಸಲ ಆರಿಸಿದರು. ಐದು ಸಲ ತಿರುಗಿದಳು. ಈ ಪುಟವನ್ನು ಮೇಡಂಗೆ ತೋರಿಸಬೇಕು. ಅವರು ಈಗ ಯಾವ ಊರಿನಲ್ಲಿ, ಯಾವ ಬಾಗಿಲಲ್ಲಿ ಬಾಯಿಗೆ ಫೈಲು ಅಡ್ಡ ಹಿಡಿದು ಹೆಸರು ಕೂಗುತ್ತಿದ್ದಾರೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ.